ಬಸವಲಿಂಗಮ್ಮನ ಹೇಳಿಕೆ

"ನನಗೀಗ ಒಬ್ನೇ ಮಗ. ಮಗಳೊಬ್ಳು ಇದ್ಲು, ತೀರ್ಕೊಂಡ್ಲು," ಎಂದು ಬಸವಲಿಂಗಮ್ಮ ಮಗನ ಮುಖ ನೋಡಿದಳು.

ಮಫ್ತಿಯಲ್ಲಿ ಬಂದಿದ್ದ ಇನ್ಸ್‌ಪೆಕ್ಟರ್ ರಾಮಯ್ಯ ಅದನ್ನು ಬರೆದುಕೊಂಡರು. "ಯಾವಾಗಮ್ಮ?"

"ಐವತ್ತೇಳರಲ್ಲಿ ಸಾರ್, ವಿಷಮಶೀತ ಜ್ವರ," ಎಂದ ಗೌರೀಶಂಕರ.

"ನಾನು ಅವರನ್ನ ಕೇಳಿದ್ದು."

ಗೌರೀಶಂಕರ ರಕ್ಷಣಾ ಕಾರ್ಖಾನೆಯೊಂದರಲ್ಲಿ ಡ್ರಾಫ್ಟ್ಸ್‌ಮನ್. ಗುಪ್ತ ನಕ್ಷೆಗಳ ವಿಭಾಗಕ್ಕೆ ಅವನ ಹೆಸರು ಹೋಗಿತ್ತು. ಪೊಲೀಸ್ ವರದಿಯೊಂದು ಬಾಕಿ. ಹೊರದೇಶದಲ್ಲಿ ರಕ್ತಸಂಬಂಧಿಗಳು ಇದ್ದಾರೆಯೇ ಎಂಬ ಪ್ರಶ್ನೆಗೆ ಅವನು ಅರ್ಜಿಯಲ್ಲಿ 'ಇಲ್ಲ' ಎಂದು ಬರೆದಿದ್ದ. ತಂಗಿ ಶಾಂತಾದೇವಿ ದಂಡು ಪ್ರದೇಶದಲ್ಲಿ ಹಲ್ಲು ಕಟ್ಟುವ ಅಂಗಡಿ ಇಟ್ಟಿದ್ದ ಚೀನೀ ಯುವಕನನ್ನು ಮದುವೆಯಾಗಿದ್ದಳು. ಅರವತ್ತೆರಡರ ಚೀನಾ ಯುದ್ಧ ಮುಗಿದ ಮೇಲೆ ಅವನಿಗೆ ದೇಶ ಬಿಡುವ ಆಜ್ಞೆಯಾಯಿತು. ಅವಳೂ ಮಗುವನ್ನೆತ್ತಿಕೊಂಡು ಹಡಗು ಹತ್ತಿದಳು. ಎಂಟು ತಿಂಗಳಿಂದ ಸುದ್ದಿಯಿರಲಿಲ್ಲ. ಪೋಸ್ಟ್‌ಮನ್ ಬರುವ ಹೊತ್ತಿಗೆ ಬಸವಲಿಂಗಮ್ಮ ದಿನವೂ ಗೇಟಿನಲ್ಲಿ ನಿಲ್ಲುತ್ತಿದ್ದಳು.

ಬೆಳಿಗ್ಗೆ ಗೌರೀಶಂಕರ ಅವಳಿಗೆ ಎರಡು ಸಲ ಹೇಳಿಕೊಟ್ಟಿದ್ದ. "ಬದುಕಿರೋಳ್ನ ಸತ್ಲು ಅಂತ ಹೆಂಗೋ ಅನ್ಲಿ?" ಎಂದು ಅವಳು ಅತ್ತಾಗ, "ಅವಳಿಗಾದ್ರೆ ಅಳ್ತೀಯ. ಇಲ್ಲಿ ನಿನಗೆ ಅನ್ನ ಹಾಕ್ತಿರೋನು ಯಾರು?" ಎಂದಿದ್ದ.

"ಮಗಳು ಇಲ್ಲ ಅನ್ನೋದು ನಿಜಾನಾ ಅಮ್ಮ?" ರಾಮಯ್ಯ ಮತ್ತೆ ಕೇಳಿದರು.

ಅವಳು ಕೊರಳಿನಲ್ಲಿದ್ದ ಲಿಂಗದ ಕರಡಿಗೆಯನ್ನು ಹಿಡಿದುಕೊಂಡಳು. "ಲಿಂಗದಾಣೆ."

ಅವರು ಪುಸ್ತಕ ಮುಂದೆ ಚಾಚಿದರು. ಅವಳು ಅಕ್ಷರ ಕೂಡಿಸಿಕೊಂಡು ಸಹಿ ಹಾಕಿದಳು. ಆಮೇಲೆ ಅವರು ಚೀಲದಿಂದ ಒಂದು ಫೈಲು ತೆಗೆದು ತಿರುಗಿಸಿ ಹಿಡಿದರು. ಅದರಲ್ಲಿ ಒಡೆದ ಮೂರು ಲಕೋಟೆಗಳಿದ್ದವು. ಮೂರರ ಮೇಲೂ ವಿಳಾಸ ಜಯನಗರದ ಈ ಮನೆಯದೇ, ಅಕ್ಷರ ಶಾಂತೆಯದು.

ಗೌರೀಶಂಕರ ಮುಂದೆ ಬಂದ. "ಸಾರ್, ಅವಳಿಗೂ ನಮಗೂ ಸಂಬಂಧ ಇಲ್ಲ..."

"ತಂಗಿ ಅಲ್ಲಿದಾಳೆ ಅಂತ ಬರ್ದಿದ್ರೆ ವಿಚಾರಿಸ್ತಿದ್ವಿ. ನಾನೇ ನಿಮ್ಮ ಪರವಾಗಿ ಎರಡು ಮಾತು ಬರೀಬಹುದಾಗಿತ್ತು. ಹೆತ್ತ ತಾಯಿ ಕೈಲಿ ಸುಳ್ಳಾಣೆ ಹಾಕಿಸೋನ ಕೈಗೆ ಸರ್ಕಾರದ ಗುಟ್ಟು ಹೇಗ್ರೀ ಕೊಡೋದು?"

"ಈಗಿರೋ ಕೆಲ್ಸ ಆದ್ರೂ..."

"ಅದು ನಿಮ್ಮ ಆಫೀಸ್‌ನೋರಿಗೆ ಬಿಟ್ಟಿದ್ದು."

ಬಸವಲಿಂಗಮ್ಮನಿಗೆ ಇದಾವುದೂ ಕೇಳಿಸಲಿಲ್ಲ. ಲಕೋಟೆ ಮುಟ್ಟಲು ಅವಳು ಕೈ ನೀಡುವಷ್ಟರಲ್ಲಿ ಫೈಲು ಮುಚ್ಚಿತು.

"ಸ್ವಾಮಿ, ಒಂದ್ಸಲ ಓದಿ ವಾಪಸ್ ಕೊಡ್ತೀನಿ."

"ಇವು ಈಗ ಸರ್ಕಾರಿ ಕಾಗದ ಅಮ್ಮ."

"ನೀವೇ ಓದಿರ್ತೀರಲ್ಲ. ಹೆಂಗಿದಾಳೆ? ಅಷ್ಟು ಹೇಳಿ ಸಾಕು."

ರಾಮಯ್ಯ ಚೀಲದ ಬಕಲು ಹಾಕಿದರು. "ಮಗಳಿಲ್ಲ ಅಂತ ಈಗ ತಾನೇ ಸಹಿ ಹಾಕಿದೀರ. ಯಾರ ಸುದ್ದಿ ಹೇಳ್ಲಿ?"

ಅವರು ಸೈಕಲ್ ಹತ್ತಿದರು. ಬಸವಲಿಂಗಮ್ಮ ಬರಿಗಾಲಲ್ಲೇ ಹಿಂದೆ ಹೊರಟಳು. "ಮಗು ಮಾತಾಡ್ತದಾ? ಸ್ವಾಮಿ, ಮಗು?"

"ಒಳಗೆ ಬಾ ಅವ್ವ, ಜನ ನೋಡ್ತಾರೆ," ಎಂದು ಗೌರೀಶಂಕರ ಜಗಲಿಯಿಂದಲೇ ಗದರಿದ.

ಇಳಿಜಾರಿನಲ್ಲಿ ಸೈಕಲ್ ವೇಗ ಹಿಡಿಯಿತು. ಹೊಸದಾಗಿ ಜಲ್ಲಿ ಹರಡಿದ್ದ ರಸ್ತೆಯ ನಡುವೆ ಅವಳು ನಿಂತುಬಿಟ್ಟಳು. ಎದುರಿನಿಂದ ಬಂದ ಜಟಕಾ ಅವಳನ್ನು ಬಳಸಿಕೊಂಡು ಮುಂದೆ ಹೋಯಿತು.