ಸಭಾಚಾಲಕ

ಕೆಲಸ ಕಾಯಂ ಆಗುವುದೋ, ಗಂಟುಮೂಟೆ ಕಟ್ಟುವುದೋ ಎಂದು ತೀರ್ಮಾನವಾಗುವ ದಿನವೂ ಯುವ ಪಾಸ್ಟರ್ ಚರ್ಚಿನ ವ್ಯಾನ್ ತೊಳೆದೇ ಸಮಿತಿ ಕೋಣೆಗೆ ಬಂದರು. ಪ್ಯಾಂಟಿನ ಅಂಚು ಇನ್ನೂ ಒದ್ದೆ. ಸಮಿತಿಯ ಅಧ್ಯಕ್ಷರು ನಿವೃತ್ತ ಹೆಡ್‌ಮಾಸ್ಟರು. ಕನ್ನಡಕ ಮೂಗಿನ ತುದಿಗಿಳಿಸಿ ಹಾಳೆಯೊಂದನ್ನು ಮುಂದೆ ತಳ್ಳಿದರು.

“ಒಂದು ವರ್ಷ ಆಯ್ತು. ನಿಮ್ಮಿಂದ ಸಭೆಗೆ ಏನೇನು ಬೇಕು ಅಂತ ಪಟ್ಟಿ ಮಾಡಿದೀವಿ. ಜೋರಾಗಿ ಓದಿ.”

ಪಾಸ್ಟರ್ ಓದಿದರು: “ಯುವ ಸಭಾಚಾಲಕರಿಂದ ನಿರೀಕ್ಷೆಗಳು.”

ಟೈಪಿಸ್ಟ್ ಅಕ್ಕ ನಾಲಿಗೆ ಕಚ್ಚಿಕೊಂಡರು. “ಅಯ್ಯೋ, ಪಾಸ್ಟರ್‌ಗೆ ಸಭಾಪಾಲಕ ಅಂತ ಆಗ್ಬೇಕಿತ್ತು!”

“ಇರ್ಲಿ ಬಿಡಕ್ಕ, ಪಟ್ಟಿಗೆ ತಕ್ಕ ತಲೆಬರಹ,” ಎಂದರು ಪಾಸ್ಟರ್. “ವ್ಯಾನ್ ಓಡಿಸೋದು, ಮೈಕ್ ಸರಿಮಾಡೋದು, ಕುರ್ಚಿ ಹೊರೋದು... ಹತ್ತೊಂಬತ್ತನೇದು, ‘ಮಕ್ಕಳು ದಾರಿ ತಪ್ಪದಂತೆ ನೋಡಿಕೊಳ್ಳುವುದು’. ಅದೂ ಡ್ರೈವರ್ ಕೆಲಸಾನೇ!”

ಒಬ್ಬರನ್ನು ಬಿಟ್ಟು ಎಲ್ಲರೂ ನಕ್ಕರು.

“ನಗ್ಸೋಕೆ ನಿಮ್ಮನ್ನ ಇಟ್ಕೊಂಡಿಲ್ಲ,” ಎಂದರು ಹೆಡ್‌ಮಾಸ್ಟರು. “ನಮ್ಮ ಮೊಮ್ಮಗಳು ತಿಂಗಳಿಂದ ಮನೇಲಿ ತುಟಿ ಬಿಚ್ಚಿಲ್ಲ. ಅವಳ ಹತ್ರ ಮಾತಾಡಿ ಅಂತ ನಿಮ್ಗೆ ಹೇಳಿ ಏನು ಪ್ರಯೋಜನ ಆಯ್ತು?”

ಕೆಲಸ ಹೋಯಿತೆಂದೇ ಪಾಸ್ಟರಿಗೆ ಅನ್ನಿಸಿತು. ಹೋಗುವುದಾದರೆ ಹೇಳಬೇಕಾದ್ದನ್ನು ಹೇಳಿಯೇ ಹೋಗೋಣವೆಂದು ಗಂಟಲು ಸರಿಮಾಡಿಕೊಂಡರು. ಅವರ ಬಾಯಿಂದ ಹೊರಟದ್ದು ಅಂದು ಫೋನ್ ಮಾಡಿದ್ದ ಹೆಡ್‌ಮಾಸ್ಟರರ ದನಿಯ ಅಣಕು, ಕೆಮ್ಮಿನ ಸಮೇತ: “ಹ್ಞುಂ ಹ್ಞುಂ... ಪಾಸ್ಟರೇ, ಮೊಮ್ಮಗಳು ಪಕ್ಕದ ರೂಮಲ್ಲೇ ಇದಾಳೆ. ಫೋನ್ ಮಾಡಿ, ಏನಾಗಿದೆ ಅಂತ ಕೇಳಿ ನನಗೆ ಹೇಳಿ!”

ಆಮೇಲೆ ಪಾಸ್ಟರ್ ತಮ್ಮ ದನಿಗೆ ಮರಳಿದರು.

“ಸಾರ್, ಪಾಲಕರು ಅಂದ್ರೆ ಮನೆಯವರೂ ಹೌದಲ್ವಾ? ನಿಮ್ಮ ಜಾಗದಲ್ಲಿ ನಾನು ಕೂರೋಕಾಗಲ್ಲ, ಪಕ್ಕದಲ್ಲಿ ಕೂರ್ತೀನಿ. ನಾನು ಪಾಲುದಾರ, ಅಷ್ಟೇ. ಅವಳು ಈಗ ಹೊರಗೆ ಮೆಟ್ಟಿಲ ಮೇಲಿದಾಳೆ. ನೀವೇ ಕೇಳಿ.”

ಹೆಡ್‌ಮಾಸ್ಟರು ಎದ್ದರು. ಬಾಗಿಲು ದಡಾರನೆ ಹಾಕಿಕೊಂಡಿತು. ಸಮಿತಿಯವರು ಫ್ಯಾನು ನೋಡುತ್ತ ಕೂತರು. ಅರ್ಧ ಗಂಟೆಯಾದ ಮೇಲೆ ಹೊರಗೆ ಎರಡು ಕೆಮ್ಮು ಕೇಳಿಸಿದವು, “ಹ್ಞುಂ ಹ್ಞುಂ” ಎಂದು: ಒಂದು ದಪ್ಪ, ಒಂದು ತೆಳ್ಳಗೆ. ಎಲ್ಲರೂ ಪಾಸ್ಟರ್ ಕಡೆ ತಿರುಗಿದರು. ಪಾಸ್ಟರ ಬಾಯಿ ಮುಚ್ಚಿತ್ತು. ಹಿಂದೆಯೇ ಹುಡುಗಿಯ ನಗು.

ಒಳಬಂದ ಹೆಡ್‌ಮಾಸ್ಟರರ ಕಣ್ಣು ಕೆಂಪಗಿತ್ತು, ಪೆನ್ನೂ ಕೆಂಪು. ‘ಸಭಾಚಾಲಕ’ವನ್ನು ಹೊಡೆದುಹಾಕಿ ‘ಪಾಲುದಾರ’ ಎಂದು ಬರೆದು ಕೈ ಚಾಚಿದರು. “ವ್ಯಾನ್ ಕೀ ಕೊಡಿ.”

ಪಾಸ್ಟರ್ ಜೇಬಿನಿಂದ ಕೀ ತೆಗೆದು ಮೇಜಿನ ಮೇಲಿಟ್ಟರು.

“ಭಾನುವಾರದಿಂದ ಸಭಾಚಾಲಕ ನಾನು. ನೀವು ಕಾಯಂ.”

ಆ ಭಾನುವಾರ ಹಾರನ್ ಹೊಡೆಯುತ್ತ, ಎರಡು ಸಲ ಕುಲುಕಿ ನಿಂತು, ವ್ಯಾನ್ ಗೇಟು ದಾಟಿತು. ಒಳಗೆ ಮಕ್ಕಳ ಜೊತೆ ಅಪ್ಪಅಮ್ಮಂದಿರೂ ಕಿಕ್ಕಿರಿದಿದ್ದರು. ಮುಂದಿನ ಸೀಟಿನಿಂದ ಮೊಮ್ಮಗಳು ಕೂಗಿದಳು: “ಪಾಸ್ಟರೇ, ತಾತನ್ನ ದಾರಿ ತಪ್ಪದ ಹಾಗೆ ಕರ್ಕೊಂಡು ಬಂದಿದೀನಿ!”