ಪಾಲಾಕ್ಷನ ದವಡೆ

ಕೊಟ್ಟೂರಿನ ಮಾರುಕಟ್ಟೆಯಲ್ಲಿ ಹಮಾಲಿ ಪಾಲಾಕ್ಷ ಜೋಳದ ಚೀಲವನ್ನು ಹಲ್ಲಲ್ಲಿ ಕಚ್ಚಿ ಎತ್ತಿದನೆಂದರೆ ಒಳಗಿನ ಹುಳಗಳಿಗೂ ತಲೆ ತಿರುಗುತ್ತಿತ್ತು. ಒಮ್ಮೆ ಇಳಿಸುವುದನ್ನೇ ಮರೆತು, ಚೀಲ ಕಚ್ಚಿಕೊಂಡೇ ಕೂಡ್ಲಿಗಿ ಬಸ್ಸು ಹತ್ತಿದ್ದ. ಕಂಡಕ್ಟರು ಚೀಲಕ್ಕೂ ಟಿಕೇಟು ಹರಿದ.

ಹೊಸ ಜೋಳ ಬಂದ ದಿನ ಮೊದಲ ಚೀಲವನ್ನು ಹಲ್ಲಲ್ಲಿ ಎತ್ತಿದವನೇ ಆ ವರ್ಷ ಹಮಾಲರ ಮೇಸ್ತ್ರಿ. ಪಾಲಾಕ್ಷನಿಗೆ ಅದು ತಪ್ಪಿದ್ದೇ ಇಲ್ಲ. ಈ ಸಲ ಜೋಳ ಬರುವ ಹೊತ್ತಿಗೇ ಬಲಗಡೆಯ ದವಡೆ ಹಲ್ಲಿಗೆ ನೋವು ಹಿಡಿದುಕೊಂಡಿತು. ರೊಟ್ಟಿ ಅಗಿದರೆ ಕಿವಿಯವರೆಗೂ ಸೆಳೆತ.

ಹೆಂಡತಿ ದ್ಯಾಮಕ್ಕ ಅವನನ್ನು ಹಗರಿಬೊಮ್ಮನಹಳ್ಳಿಗೆ, ಹಲ್ಲಿನ ಡಾಕ್ಟರು ಅರ್ಚನಾ ಹತ್ತಿರ ಎಳೆದೊಯ್ದಳು. ಡಾಕ್ಟರು ಹಲ್ಲು ತಟ್ಟಿದಾಗ ಸುಮ್ಮನಿದ್ದ. ಕೆನ್ನೆ ಒತ್ತಿದಾಗ ಕುರ್ಚಿಯಿಂದ ಎದ್ದುಬಿಟ್ಟ.

"ಹಲ್ಲು ಗಟ್ಟಿ ಅದಾವ್ರಿ. ನೋವಿರೋದು ಅಗಿಯೋ ಸ್ನಾಯುದಾಗ. ಹಲ್ಲಿಗೂ ಸ್ನಾಯುಗೂ ಒಂದಾ ನರದ ಕವಲು ಹೋಗ್ಯಾವ. ಅದಕ್ಕ ಇದು ನೊಂದ್ರ ಅದು ನೊಂದಂಗ ಅನಸ್ತೈತಿ. ಒಂದ್ ತಿಂಗ್ಳು ಕಾವು ಕೊಟ್ಕೊಂಡು ಮೆತ್ತಗಿಂದು ಉಣ್ರಿ. ಬಾಯಾಗ ಚೀಲ ಹಿಡೀಬ್ಯಾಡ್ರಿ."

"ತಿಂಗ್ಳಾ? ಅಷ್ಟ್ರಾಗ ಆ ಇಟ್ಟಿಗಿ ಊರಿನ ಹಮಾಲಿ ಹುಲುಗಣ್ಣ ಮೇಸ್ತ್ರಿ ಆಗಿರ್ತಾನ್ರಿ."

ದಾರಿಯಲ್ಲಿ ದ್ಯಾಮಕ್ಕ, "ಓದಿದಾಕಿ ಹೇಳ್ಯಾಳ, ಕೇಳು ಮಾರಾಯ," ಎಂದಳು.

"ನೋವು ನನ್ನ ಬಾಯಾಗೈತಿ. ಆಕಿ ಪುಸ್ತಕದಾಗಿಲ್ಲ."

ಮರುದಿನ ಸಂತೆಯಲ್ಲಿ ಹಲ್ಲು ಕೀಳುವವನ ಮುಂದೆ ಬಾಯಿ ತೆರೆದು ಕೂತ. ಹಲ್ಲು ಬರಲೊಲ್ಲೆನೆಂದಿತು. ಇಕ್ಕಳ ಬಾಗಿತು, ಕೀಳುವವನು ಹಿಂದಿನ ಬದನೆಕಾಯಿ ಗುಡ್ಡೆಯ ಮೇಲೆ ಬಿದ್ದ, ಆಮೇಲೆ ಹಲ್ಲು ಬಂತು. ನೋವು ಒಂದು ಹೊತ್ತು ಅಡಗಿ ಮತ್ತೆ ತಲೆ ಎತ್ತಿತು. 'ಪಕ್ಕದ್ದಿರಬೇಕು' ಎಂದು ಪಾಲಾಕ್ಷ ಅದನ್ನೂ ಕೀಳಿಸಿದ. ಆಮೇಲೆ ಅದರಾಚೆಯದನ್ನು.

ದ್ಯಾಮಕ್ಕ ಹಲ್ಲುಗಳನ್ನು ತೊಳೆದು ಅವನ ಮೂಗಿನ ಕೆಳಗೆ ಹಿಡಿದಳು.

"ಹುಳುಕು ಎಲ್ಲೈತಿ, ತೋರ್ಸು."

ಪಾಲಾಕ್ಷ ಒಂದೊಂದನ್ನೇ ತಿರುವಿ ನೋಡಿದ. ಹಾಲಿನಂಥ ಹಲ್ಲು.

ಹೊಸ ಜೋಳ ಬಂದ ದಿನ ಎಲ್ಲರೂ ಸುತ್ತ ನಿಂತರು. ಪಾಲಾಕ್ಷ ಬಗ್ಗಿ ಚೀಲದ ಗಂಟನ್ನು ಎಂದಿನಂತೆ ಬಲಗಡೆಯ ದವಡೆಯಲ್ಲಿ ಕಚ್ಚಿದ. ಗಂಟು ಬೋಳು ಒಸಡಿನ ಮೇಲೆ ಜಾರಿತು. ಮತ್ತೆ ಕಚ್ಚಿದ, ರಕ್ತ ಬಂತು. ಚೀಲ ನೆಲ ಬಿಡಲಿಲ್ಲ. ಹುಲುಗಣ್ಣ ಮೊಣಕಾಲೆತ್ತರಕ್ಕಷ್ಟೇ ಎತ್ತಿದ, ಆದರೂ ಎತ್ತಿದ.

"ಪಾಲಾಕ್ಷಣ್ಣ, ನಾಳಿಂದ ನೀ ಚೀಲ ಮುಟ್ಟಬ್ಯಾಡ. ಕೆಳಗ ಚೆಲ್ಲಿದ ಕಾಳು ಗುಡಿಸು," ಎಂದು ಹೊಸ ಮೇಸ್ತ್ರಿ ಪೊರಕೆ ಕೊಟ್ಟ.

ಪಾಲಾಕ್ಷ ಸಿಟ್ಟಿಗೆ ಹಲ್ಲು ಕಡಿಯಲು ಹೋದ. ಬಲಗಡೆ ಕಡಿಯಲು ಏನೂ ಇರಲಿಲ್ಲ. ನೋವು ಮಾತ್ರ ಕೆನ್ನೆಯಲ್ಲಿ ಅಲ್ಲೇ ಕೂತಿತ್ತು.