ಕಾಲರ್ ಅಕ್ಕನ ಉಗುರು

ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಕಾಲರ್ ಹೊಲಿಯುವವರ ಲೈನಿನಲ್ಲಿ ಕೂತು ಕೂತು ಅವಳ ಹೆಸರೇ ಕಾಲರ್ ಅಕ್ಕ ಎಂದಾಗಿಬಿಟ್ಟಿತ್ತು. ರಜೆಯ ದಿನ ನೆಮ್ಮದಿಯಾಗಿ ಉಗುರು ಕತ್ತರಿಸಿಕೊಳ್ಳುತ್ತಿದ್ದವಳ ತಲೆ ಕೆಡಿಸಿದ್ದು, ಪಕ್ಕದಲ್ಲಿ ಪರೀಕ್ಷೆಗೆ ಗಟ್ಟಿಯಾಗಿ ಓದುತ್ತಿದ್ದ ಮಗಳು. ಮೈಯ ಒಂದೊಂದು ಜೀವಕೋಶದಲ್ಲೂ ಡಿಎನ್‌ಎ ಇರುತ್ತದಂತೆ; ಅದರಲ್ಲಿ ಇಡೀ ಮೈಯನ್ನು ಕಟ್ಟುವ ಬರಹವೇ ಇರುತ್ತದಂತೆ.

"ಉಗುರಿನ ಬುಡದಲ್ಲೂನಾ?"

"ಅಲ್ಲೂ ಇರುತ್ತೆ."

"ಕಣ್ಣು ಮಾಡೋದು ಹೇಗೆ ಅಂತಾನೂ ಬರೆದಿರುತ್ತಾ?"

"ಎಲ್ಲಾ ಬರೆದಿರುತ್ತಮ್ಮ."

"ಮತ್ತೆ ಬೆರಳ ತುದೀಲಿ ಕಣ್ಣು ಯಾಕೆ ಹುಟ್ಟಲ್ಲ? ತಲೆಬುಡ ಇಲ್ಲದ್ದನ್ನೆಲ್ಲ ಓದಿಸ್ತಾರೆ ನಿಮಗೆ!"

"ಒಂದೊಂದು ಜೀವಕೋಶ ತನ್ನ ಕೆಲಸಕ್ಕೆ ಬೇಕಾದಷ್ಟನ್ನೇ ಓದುತ್ತೆ. ಮಿಕ್ಕಿದ್ದು ಮುಚ್ಚೇ ಇರುತ್ತೆ" ಎಂದಳು ಮಗಳು.

ಅಕ್ಕನ ಗೊಂದಲ ಇನ್ನೂ ಹೆಚ್ಚಾಯಿತು. ಎಲ್ಲವನ್ನೂ ಒಳಗಿಟ್ಟುಕೊಂಡು ಜೀವಮಾನವಿಡೀ ಒಂದೇ ಕೆಲಸ ಮಾಡುವುದೆಂದರೇನು? ಅದು ಶುದ್ಧ ಸೋಮಾರಿತನವಲ್ಲವೇ? ಹಾಗೆಂದು ಜೀವಕೋಶಗಳನ್ನು ಬೈದೂಬಿಟ್ಟಳು.

ಮಗಳು ಪುಸ್ತಕ ಮಡಚಿದಳು. "ಅಮ್ಮಾ, ನಿಂಗೆ ಪೂರ್ತಿ ಶರ್ಟ್ ಹೊಲಿಯೋಕೆ ಬರುತ್ತಾ?"

"ಬರದೆ ಏನು! ಕೋಟೂ ಹೊಲೀತೀನಿ. ನಿನ್ನ ಫ್ರಾಕೆಲ್ಲ ಯಾರು ಹೊಲಿದಿದ್ದು ಮತ್ತೆ?"

"ಫ್ಯಾಕ್ಟರೀಲಿ ಏನು ಹೊಲೀತೀಯ?"

"ಕಾಲರ್."

"ಎಷ್ಟು ವರ್ಷದಿಂದ?"

ಹತ್ತೊಂಬತ್ತು ಎನ್ನಲು ಬಾಯಿ ತೆರೆದವಳು ಹಾಗೇ ತಡೆದುಕೊಂಡಳು. ಹೆಬ್ಬೆರಳನ್ನು ಕಣ್ಣ ಹತ್ತಿರ ತಂದುಕೊಂಡು ಅದರ ಉಗುರನ್ನೇ ಮೆಲ್ಲಗೆ ಕೇಳಿದಳು:

"ನಿನ್ನನ್ನ ಈ ಲೈನಲ್ಲಿ ಯಾರು ಕೂರಿಸಿದ್ರು?"